ಗುರುವಾರದ ಕೀಲಿಕೈ

ದೇವದುರ್ಗ
15 ಜೂನ್ 2025

ಪೂಜ್ಯ ಅತ್ತೆಯವರಿಗೆ ಶ್ರೀವಲ್ಲಿಯ ನಮಸ್ಕಾರಗಳು.

ನಿಮ್ಮನ್ನು ಇನ್ನೂ ಅತ್ತೆ ಎಂದು ಕರೆಯಬಹುದೋ ಇಲ್ಲವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ನಿಮ್ಮ ಮಗ ಹೋಗಿ ನಾಲ್ಕು ವರ್ಷ, ನಾನು ಅಂಬರೀಶರನ್ನು ಮದುವೆಯಾಗಿ ಒಂದು ವರ್ಷ. ಆದರೂ ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ನಿನ್ನೆ ರಾಯಚೂರಿನಲ್ಲಿ ಪ್ಲೇಟು ಕೊಡುವಾಗ ಹಲ್ಲಿನ ಡಾಕ್ಟರು ಹೇಳಿದ್ದು ನಿಮಗೆ ಕೇಳಿಸಿರಲಾರದು. ಅಷ್ಟು ಜನರ ನಡುವೆ ನಿಮ್ಮ ಕಿವಿಯ ಹತ್ತಿರ ಬಂದು ಕೂಗಿ ಹೇಳಲು ನನಗೆ ಸಂಕೋಚವಾಯಿತು. ಫೋನಿನಲ್ಲಿ ಮಗಳು ಮಾನ್ಯಾಳಿಗೆ ಹೇಳೋಣವೆಂದರೆ, ನನ್ನ ದನಿ ಕೇಳಿದ ದಿನ ಅವಳು ಉಣ್ಣುವುದಿಲ್ಲ, ಫೋನು ಬೇಡ ಎಂದು ನೀವೇ ಹೇಳಿದ್ದೀರಿ. ಹಾಗಾಗಿ ಎಲ್ಲವನ್ನೂ ಬರೆಯುತ್ತಿದ್ದೇನೆ.

ಅವಳ ಮೇಲಿನ ದವಡೆ ಇಕ್ಕಟ್ಟಾಗಿದೆಯಂತೆ. ಇನ್ನು ಬರಬೇಕಾದ ಹಲ್ಲುಗಳಿಗೆ ಜಾಗವಿಲ್ಲ. ಎಂಟು ವರ್ಷಕ್ಕೆ ಎಲುಬು ಎಳೆಯದಾಗಿರುತ್ತದೆ, ಈಗ ಅಗಲ ಮಾಡಿದರೆ ಆಗುತ್ತದೆ, ತಡ ಮಾಡಿದರೆ ಮುಂದೆ ಒಳ್ಳೆಯ ಹಲ್ಲುಗಳನ್ನೇ ಕೀಳಬೇಕಾದೀತು ಎಂದರು ಡಾಕ್ಟರ್ ಅನುರಾಧಾ. ಅದಕ್ಕೇ ಆ ಗುಲಾಬಿ ಪ್ಲೇಟು. ಅದರ ನಡುವೆ ಸಣ್ಣ ಸ್ಕ್ರೂ ಇದೆ. ವಾರಕ್ಕೊಮ್ಮೆ ಪ್ಲೇಟನ್ನು ಬಾಯಿಂದ ತೆಗೆದು, ಸ್ಕ್ರೂವಿನ ತೂತಿಗೆ ಕೀಲಿಕೈ ಹಾಕಿ, ಬಾಣದ ಗುರುತಿನ ಕಡೆಗೆ ಒಂದು ಸಲ ತಿರುಗಿಸಬೇಕು. ಪ್ಲೇಟಿನ ಎರಡು ಹೋಳು ಕೂದಲೆಳೆಯಷ್ಟು ದೂರ ಸರಿಯುತ್ತವೆ. ಹಾಗೆ ಸರಿಯುತ್ತಾ ದವಡೆಯನ್ನೂ ಸರಿಸುತ್ತವೆ. ಊಟದ ಹೊತ್ತಿನಲ್ಲಿ ತೆಗೆದಿಡಬೇಕು, ತಣ್ಣೀರಿನಲ್ಲಿ ತೊಳೆಯಬೇಕು, ಉಳಿದಂತೆ ಹಗಲೂ ರಾತ್ರಿ ಬಾಯಲ್ಲಿರಬೇಕು. ನಿಮಗೆ ನೆನಪಿರಲು ಗುರುವಾರ ಇಟ್ಟುಕೊಳ್ಳಿ. ರಾಯರ ವಾರವನ್ನು ನೀವು ಮರೆಯುವವರಲ್ಲ.

ತಿಂಗಳಿಗೊಮ್ಮೆ ತೋರಿಸಬೇಕಂತೆ. ಎರಡನೇ ಶನಿವಾರ ನನ್ನ ಕಚೇರಿಗೆ ರಜೆ. ನೀವು ಮಾನ್ವಿಯಿಂದ ಕರೆತಂದರೆ ನಾನು ಇಲ್ಲಿಂದ ಬರುತ್ತೇನೆ. ಮರುಮದುವೆಯಾದವಳು ನಿಮ್ಮ ಮನೆಯ ಹೊಸ್ತಿಲು ತುಳಿಯಬಾರದೆಂದು ವಿಬುಧೇಂದ್ರ ಭಾವ ಹೇಳಿದ್ದನ್ನು ನಾನು ಮೀರುವುದಿಲ್ಲ. ರಾಯಚೂರಿಗೆ ಬರಬೇಡ ಎಂದು ಅವರು ಹೇಳಿಲ್ಲವಲ್ಲ.

ಕಿತ್ತಳೆ ಬಣ್ಣದ ಡಬ್ಬಿ ಅಂಬರೀಶರು ಕೊಂಡು ಕಳಿಸಿದ್ದು. ಪ್ಲೇಟು ಇಡಲು ಮಾತ್ರ.

ಶ್ರೀವಲ್ಲಿ


ಮಾನ್ವಿ
21 ಜೂನ್ 2025

ಶ್ರೀವಲ್ಲಿಗೆ,

ಪತ್ರ ಮುಟ್ಟಿತು. ಅತ್ತೆ ಎಂದು ಬರೆದಿದ್ದೀ, ಬರೆದುಕೋ. ನನ್ನ ತೊಂದರೆ ಬೇರೆ. ನಿನಗೆ ಬರೆಯುವಾಗ ಚಿ. ಸೌ. ಎಂದು ಶುರು ಮಾಡಿ ರೂಢಿಯಾದ ಕೈ ಇದು. ಸುಶಮೀಂದ್ರ ಹೋದ ಮೇಲೆ ಆ ಸೌಭಾಗ್ಯವತಿ ಬಿಟ್ಟುಹೋಯಿತು. ಈಗ ಮತ್ತೆ ಬರೆಯಬೇಕೆಂದರೆ ಯಾರ ಸೌಭಾಗ್ಯವೆಂದು ಬರೆಯಲಿ? ಅದಕ್ಕೆ ಬರೀ ಹೆಸರು ಬರೆದಿದ್ದೇನೆ. ತಪ್ಪು ತಿಳಿಯಬೇಡ.

ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಒಂದು ಕೀಲಿಕೈ ತಿರುಗಿಸುವುದನ್ನು ಒಂದು ಪುಟ ಬರೆದು ಕಲಿಸಿದ್ದೀ. ಇರಲಿ. ಮೊನ್ನೆ ಗುರುವಾರ ಪೂಜೆಯಾದ ಮೇಲೆ ಮೊದಲ ಸುತ್ತು ಆಯಿತು. ಪಂಚಾಂಗದಲ್ಲಿ ಆ ದಿನದ ಮುಂದೆ ಕುಂಕುಮದ ಬೊಟ್ಟು ಇಟ್ಟಿದ್ದೇನೆ. ಲೆಕ್ಕ ತಪ್ಪುವುದಿಲ್ಲ.

ದೇವರ ಮನೆ, ಅಡುಗೆಮನೆ ಎರಡೂ ಕೂಡಿಯೇ ಇರುವ ಮನೆ ಇದು, ನಿನಗೆ ಗೊತ್ತು. ಬಾಯಿಂದ ತೆಗೆದದ್ದು ಎಂಜಲು. ಡಬ್ಬಿಗೆ ಹಿತ್ತಲ ಬಾಗಿಲ ಪಕ್ಕದ ಕಿಟಕಿಯಲ್ಲಿ ಜಾಗ ಮಾಡಿದ್ದೇನೆ. ಕೀಲಿಕೈಯೂ ಅದರಲ್ಲೇ ಇರುತ್ತದೆ.

ಸುಶಮೀಂದ್ರನ ಹಲ್ಲೂ ಹೀಗೇ ಇದ್ದವು. ಮೂವತ್ತಾರು ವರ್ಷ ಅವೇ ಹಲ್ಲಿನಿಂದ ಶೇಂಗಾ ಕಡಿದ, ಸ್ತೋತ್ರ ಹೇಳಿದ, ಯಾರೂ ಕುಂದು ಎನ್ನಲಿಲ್ಲ. ಮಾನ್ಯಾ ನಕ್ಕರೆ ಎಡಗಡೆ ಒಂದು ಹಲ್ಲು ಮುಂದೆ ಬಂದು ಅವನೇ ಕಾಣುತ್ತಾನೆ. ಅದನ್ನು ತಿದ್ದಲು ಹೊರಟಿದ್ದೀ. ಡಾಕ್ಟರು ಓದಿದವರು, ನಾನು ಅಡ್ಡ ಬರುವುದಿಲ್ಲ.

ಭಾಗೀರಥಿಬಾಯಿ


ಮಾನ್ವಿ
28 ಜೂನ್ 2025

ಶ್ರೀವಲ್ಲಿಗೆ,

ಪ್ಲೇಟು ಬಾಯಲ್ಲಿ ಕೂರುತ್ತಿಲ್ಲ. ಒತ್ತಿ ಹಾಕಿಕೊಂಡರೆ ಮಗು ಅಳುತ್ತಾಳೆ. ಡಾಕ್ಟರು ಸರಿಯಾಗಿ ಮಾಡಿರಲಿಕ್ಕಿಲ್ಲ. ಬರುವ ಶನಿವಾರ ಕರೆತರುತ್ತೇನೆ, ನೀನೂ ಬಂದು ಕೇಳು. ನನಗಂತೂ ಅವರ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ.

ಭಾಗೀರಥಿಬಾಯಿ


ದೇವದುರ್ಗ
13 ಜುಲೈ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಡಾಕ್ಟರು ಹೇಳಿದ್ದನ್ನು ಅಲ್ಲಿಯೇ ನಿಮಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಮೊದಲ ಪ್ಲೇಟಿನಲ್ಲಿ ತಪ್ಪಿರಲಿಲ್ಲ. ಅದಕ್ಕೆ ಕುದಿನೀರು ಬಿದ್ದು ಸೊಟ್ಟಗಾಗಿದೆ. ತಣ್ಣೀರು ಎಂದು ನಾನು ಬರೆದಿದ್ದೆ. ಯಾರು ಹಾಕಿದರು ಎಂದು ಕೇಳುವುದಿಲ್ಲ.

ಹಾಗಾಗಿ ಅಚ್ಚು ತೆಗೆಯಲು 5ನೇ ತಾರೀಕಿಗೆ, ಕೂರಿಸಿ ನೋಡಲು 9ಕ್ಕೆ, ಹೊಸದನ್ನು ಕೊಡಲು ನಿನ್ನೆ, ಎಂಟು ದಿನದಲ್ಲಿ ಮೂರು ಸಲ ಎಲ್ಲರೂ ರಾಯಚೂರು ತಿರುಗಿದ್ದಾಯಿತು. ನಿಮ್ಮ ಮಂಡಿ ನೋವಿಗೆ ಇದು ಕಷ್ಟವೇ. ಆದರೆ ಸುಳ್ಳು ಯಾಕೆ ಹೇಳಲಿ, ನನಗೆ ಇಂಥ ವಾರ ಈ ವರ್ಷ ಸಿಕ್ಕಿರಲಿಲ್ಲ. ದವಾಖಾನೆಯ ಬೆಂಚಿನ ಮೇಲೆ ಅವಳ ಜಡೆ ಬಿಚ್ಚಿ ಮೂರು ಸಲವೂ ಹೊಸದಾಗಿ ಹೆಣೆದೆ. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನಿಸಿದೆ. ನೀವು ಆ ಕಡೆ ತಿರುಗಿ ಬಸ್ಸಿನ ಬೋರ್ಡು ಓದುತ್ತಾ ನಿಂತಿರಿ. ಅಷ್ಟು ಹೊತ್ತು ಓದುವಂಥದ್ದು ಆ ಬೋರ್ಡಿನಲ್ಲಿ ಇರಲಿಲ್ಲ ಎಂದು ನನಗೂ ಗೊತ್ತು.

ಹೊರಡುವಾಗ ಮಾನ್ಯಾ ಕೇಳಿದಳು, "ಅಮ್ಮ, ಪ್ಲೇಟು ಮತ್ತ ಕೆಡ್ತದೇನು?" ಇಲ್ಲ ಬಂಗಾರ, ಇನ್ನು ಕೆಡುವುದಿಲ್ಲ ಎಂದೆ.

ಶ್ರೀವಲ್ಲಿ


ಮಾನ್ವಿ
20 ಜುಲೈ 2025

ಶ್ರೀವಲ್ಲಿಗೆ,

ಕುದಿನೀರು ಹಾಕಿದವಳು ನಾನೇ. ಕಿಟಕಿಯ ಡಬ್ಬಿ ಮಳೆಗೆ ನೆನೆಯಿತು, ಒಳಗೆ ತರಬೇಕಾಯಿತು. ಎಂಜಲಿನ ವಸ್ತು ಒಳಗೆ ಬರಬೇಕಾದರೆ ಮೇಲೆ ಕುದಿನೀರು ಬೀಳಲೇಬೇಕು. ನನ್ನ ಅತ್ತೆ ಹೇಳಿಕೊಟ್ಟದ್ದು, ಐವತ್ತು ವರ್ಷದಿಂದ ಪಾತ್ರೆಗಳಿಗೆ ಮಾಡಿದ್ದು. ಪಾತ್ರೆ ಯಾವುದೂ ಸೊಟ್ಟಗಾಗಿರಲಿಲ್ಲ. ಇದು ಆಗುತ್ತದೆ ಎಂದು ಗೊತ್ತಿರಲಿಲ್ಲ. ಡಾಕ್ಟರ ಮೇಲೆ ಹಾಕಿ ಬರೆದದ್ದು ತಪ್ಪು.

ಹೊಸ ಪ್ಲೇಟು ಚೆನ್ನಾಗಿ ಕೂರುತ್ತದೆ. ಗುರುವಾರ ಕೀಲಿಕೈ ತಿರುಗಿದೆ, ಬೊಟ್ಟು ಇಟ್ಟಾಗಿದೆ. ಮಗು ಈಗ ಅಳುವುದಿಲ್ಲ, ಹೇಳದಿದ್ದರೂ ತಾನೇ ಹಾಕಿಕೊಳ್ಳುತ್ತಾಳೆ. ಬಹಳ ಶಾಣ್ಯಾಳಾಗಿದ್ದಾಳೆ.

ಭಾಗೀರಥಿಬಾಯಿ


ದೇವದುರ್ಗ
14 ಸೆಪ್ಟೆಂಬರ್ 2025

ಅತ್ತೆಯವರಿಗೆ,

ನಿನ್ನೆ ಡಾಕ್ಟರು ಪ್ಲೇಟನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಎರಡು ಹೋಳುಗಳ ನಡುವೆ ಈ ಹೊತ್ತಿಗೆ ಉಗುರಿನ ದಪ್ಪಕ್ಕಿಂತ ಹೆಚ್ಚು ಸಂದು ಇರಬೇಕಿತ್ತು. ಏನೂ ಇಲ್ಲ. ಜುಲೈನಲ್ಲಿ ಕೊಟ್ಟಾಗ ಹೇಗಿತ್ತೋ ಹಾಗೇ ಕೂಡಿಕೊಂಡಿದೆ. ಆಗಸ್ಟಿನಲ್ಲಿಯೂ ಹೀಗೇ ಇತ್ತು, ಆಗ ಅವರು ಇನ್ನೊಂದು ತಿಂಗಳು ನೋಡೋಣ ಎಂದಿದ್ದರು. ಈ ಸಲ ನೇರವಾಗಿ ಕೇಳಿದರು: "ಮನ್ಯಾಗ ಯಾರೂ ತಿರುಗಿಸಾಕತ್ತಿಲ್ಲ ಅಂತ ಕಾಣಸ್ತದ್ರೀ." ನಾನು ತಲೆ ತಗ್ಗಿಸಿ ಕೂತೆ. ನೀವು ಪಕ್ಕದಲ್ಲೇ ಇದ್ದಿರಿ, ನಿಮಗೆ ಕೇಳಿಸಲಿಲ್ಲ.

ಪ್ರತಿ ಗುರುವಾರ ಬೊಟ್ಟು ಇಟ್ಟಿದ್ದೇನೆ ಎಂದು ಬರೆದಿದ್ದೀರಿ. ಬೊಟ್ಟು ಪಂಚಾಂಗದ ಮೇಲೆ ಬಿದ್ದರೆ ದವಡೆ ಅಗಲವಾಗುವುದಿಲ್ಲ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಮಾನ್ಯಾ ನಕ್ಕರೆ ನಿಮ್ಮ ಮಗ ಕಾಣುತ್ತಾರೆ ಎಂದು ಹೇಳಿದ್ದಿರಿ. ಆ ಹಲ್ಲು ಹಾಗೇ ಉಳಿಯಲಿ ಎಂದು ನೀವು ಕೀಲಿಕೈ ಮುಟ್ಟುತ್ತಿಲ್ಲ. ಅವರು ನನಗೂ ಕಾಣುತ್ತಾರೆ. ಅದಕ್ಕಾಗಿ ಮಗುವಿನ ಬಾಯಿ ಕೆಡಬೇಕೇ?

ಡಾಕ್ಟರು ವರ್ಷದ ಕೊನೆಯವರೆಗೆ ನೋಡುತ್ತಾರೆ. ಆಗದಿದ್ದರೆ ಈ ಪ್ಲೇಟು ಬಿಟ್ಟುಬಿಡೋಣ ಎಂದರು. ನಾನು ಅಲ್ಲಿಯವರೆಗೆ ಕಾಯಲಾರೆ. ಮುಂದಿನ ತಿಂಗಳೂ ಹೀಗೇ ಇದ್ದರೆ ಮಾನ್ಯಾಳನ್ನು ದೇವದುರ್ಗಕ್ಕೆ ಕರೆತರುತ್ತೇನೆ. ಇಲ್ಲಿಯೂ ಶಾಲೆ ಇದೆ. ಕೀಲಿಕೈ ತಿರುಗಿಸುವ ಕೈಯೂ ಇದೆ.

ಶ್ರೀವಲ್ಲಿ


ಮಾನ್ವಿ
20 ಸೆಪ್ಟೆಂಬರ್ 2025

ಶ್ರೀವಲ್ಲಿಗೆ,

ನಿನ್ನ ಪತ್ರವನ್ನು ಎರಡು ಸಲ ಓದಿ ಮಡಚಿಟ್ಟೆ. ಪಂಚಾಂಗ ಬೇಕಾದರೆ ತಂದು ತೋರಿಸುತ್ತೇನೆ. ಹೊಸ ಪ್ಲೇಟು ಬಂದ ಮೇಲೆ ನಿನ್ನ ಪತ್ರದವರೆಗೆ ಒಂಬತ್ತು ಗುರುವಾರ, ಒಂಬತ್ತು ಬೊಟ್ಟು. ನನ್ನ ಕಣ್ಣೆದುರಿಗೇ ಕೀಲಿಕೈ ತಿರುಗಿದೆ. ಸುಳ್ಳು ಬೊಟ್ಟು ಇಡುವವಳು ನಾನಲ್ಲ.

ಹೆತ್ತವಳ ಎದುರಿಗೆ ಸತ್ತ ಮಗನ ಹಲ್ಲಿನ ಮಾತು ತೆಗೆದೆಯಲ್ಲ. ಸಾಕು.

ಭಾಗೀರಥಿಬಾಯಿ


ದೇವದುರ್ಗ
12 ಅಕ್ಟೋಬರ್ 2025

ಅತ್ತೆಯವರಿಗೆ,

ನಿನ್ನೆ ಮತ್ತೆ ಅದೇ. ಡಾಕ್ಟರು ಪ್ಲೇಟನ್ನು ಕೈಗೆ ಕೊಟ್ಟು ನನ್ನ ಮುಖ ನೋಡಿದರು. ನೀವು ನನ್ನ ಕಡೆ ನೋಡದೆ ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಾ ಕೂತಿರಿ. ಮಾನ್ಯಾ ಇಬ್ಬರ ನಡುವೆ ಕೂತು ಒಂದು ಕೈಯಲ್ಲಿ ನಿಮ್ಮ ಸೆರಗು, ಒಂದು ಕೈಯಲ್ಲಿ ನನ್ನ ಸೆರಗು ಹಿಡಿದಿದ್ದಳು.

ದೀಪಾವಳಿ ಆದ ಮೇಲಿನ ಭಾನುವಾರ ನಾನೂ ಅಂಬರೀಶರೂ ಬರುತ್ತೇವೆ. ಹೊಸ್ತಿಲು ತುಳಿಯುವುದಿಲ್ಲ, ಓಣಿಯಲ್ಲೇ ನಿಲ್ಲುತ್ತೇವೆ. ಅವಳ ಬಟ್ಟೆ, ಪುಸ್ತಕ ಕಟ್ಟಿಡಿ.

ಶ್ರೀವಲ್ಲಿ


ಮಾನ್ವಿ
19 ಅಕ್ಟೋಬರ್ 2025

ಶ್ರೀವಲ್ಲಿಗೆ,

ಇದನ್ನು ಬರೆಯಲು ಎರಡು ದಿನ ತೆಗೆದುಕೊಂಡೆ. ಬರೆಯದೆ ಇದ್ದುಬಿಡೋಣ ಎಂದೂ ಅನ್ನಿಸಿತು. ಬರೆದರೆ ನಿನಗೆ ಮಗುವನ್ನು ಕರೆದುಕೊಂಡು ಹೋಗಲು ಇನ್ನೂ ಒಂದು ಕಾರಣ ಸಿಗುತ್ತದೆ. ಆದರೂ ಕೇಳು.

ಈ ನಾಲ್ಕು ತಿಂಗಳಲ್ಲಿ ನಾನು ಆ ಪ್ಲೇಟನ್ನು ಕೈಯಿಂದ ಮುಟ್ಟಿರಲಿಲ್ಲ. ಕುದಿನೀರು ಹಾಕಿದಾಗಲೂ ಇಕ್ಕಳದಲ್ಲಿ ಹಿಡಿದಿದ್ದೆ. ಗುರುವಾರ ನಾನು ಮಡಿಯಲ್ಲಿ ಇರುತ್ತೇನೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ತಿರುಗಿಸು ಎನ್ನುತ್ತಿದ್ದೆ, ಮಗು ಹಿತ್ತಲಿನ ಕಟ್ಟೆಯ ಮೇಲೆ ಕೂತು ತಾನೇ ತಿರುಗಿಸುತ್ತಿದ್ದಳು, ನಾನು ಒಳಗೆ ಹೋಗಿ ಬೊಟ್ಟು ಇಡುತ್ತಿದ್ದೆ. ನಿನಗೆ ಬರೆದ ಪತ್ರ ಬೇಕಾದರೆ ತೆಗೆದು ನೋಡು, ತಿರುಗಿಸಿದೆ ಎಂದು ಎಲ್ಲಿಯೂ ಬರೆದಿಲ್ಲ, ತಿರುಗಿದೆ ಎಂದು ಬರೆದಿದ್ದೇನೆ. ವ್ಯಾಕರಣ ಕಲಿಸಿದವಳ ಜಾಣತನ ಅದು. ನಾಚಿಕೆಯಾಗುತ್ತದೆ.

ನಿನ್ನ ಪತ್ರ ಬಂದ ಮೇಲೆ ಮೊನ್ನೆ ಗುರುವಾರ ಮಡಿ ಬಿಟ್ಟು, ಕನ್ನಡಕ ಹಾಕಿಕೊಂಡು, ನಾನೇ ಕಟ್ಟೆಯ ಮೇಲೆ ಕೂತೆ. ಅವಳ ಬಾಯಿಂದ ತೆಗೆದ ಪ್ಲೇಟು ಬೆಚ್ಚಗಿತ್ತು. ಬಾಣದ ಕಡೆಗೆ ಒಂದು ಸಲ ತಿರುಗಿಸಿದೆ. ನಡುವೆ ಸಣ್ಣ ಗೆರೆಯಷ್ಟು ಸಂದು ಬಿಟ್ಟದ್ದು ನನ್ನ ಕಣ್ಣಿಗೇ ಕಂಡಿತು. ಮರುದಿನ ರಾತ್ರಿ ಅವಳು ಊಟಕ್ಕೆ ಕೂತಾಗ ಡಬ್ಬಿ ತೆಗೆದು ನೋಡಿದೆ. ಆ ಗೆರೆ ಇರಲಿಲ್ಲ.

ನಾನು ಬೈಯಲಿಲ್ಲ. ನನ್ನ ಜೊತೆ ಅವಳು ಮಾತಾಡುವುದು ಹೆಚ್ಚಾಗಿ ಪಾಟಿಯ ಮೇಲೆ ಬರೆದೇ, ನಿನಗೆ ಗೊತ್ತು. ಪಾಟಿ, ಬಳಪ ತಂದು ಮುಂದಿಟ್ಟೆ. ಆಮೇಲೆ ಬರೆದದ್ದನ್ನು ಅವಳು ಬರೆದಂತೆಯೇ ಇಲ್ಲಿ ಇಳಿಸುತ್ತೇನೆ.

"ನಾನ ಹಿಂದಕ್ಕ ತಿರುಗಿಸ್ತೀನಿ. ಪ್ಲೇಟು ಕೆಟ್ಟಾಗ ಅಮ್ಮ ಮೂರು ಸಲ ಬಂದ್ಲು. ಹಲ್ಲು ನೆಟ್ಟಗಾದ್ರ ರಾಯಚೂರಿಗೆ ಹೋಗೋದು ಮುಗೀತದ. ಆಮ್ಯಾಲ ಅಮ್ಮ ಎಲ್ಲಿ ಸಿಗ್ತಾಳ ಅಜ್ಜಿ?"

ಶಾಲೆಯಲ್ಲಿ ಸಾವಿರ ಮಕ್ಕಳ ಪಾಟಿ ತಿದ್ದಿದ್ದೇನೆ. ಇದರ ಮುಂದೆ ಬಳಪ ಕೆಳಗಿಟ್ಟೆ. ಅವಳು ಉತ್ತರಕ್ಕೆ ಕಾಯ್ದಳು, ಆಮೇಲೆ ತಾನೇ ಅಂಗೈಯಿಂದ ಒರೆಸಿಬಿಟ್ಟಳು. ಜುಲೈಯಿಂದ ಈ ಮಾತು ಇಟ್ಟುಕೊಂಡು ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಶಾಣ್ಯಾಳಾಗಿದ್ದಾಳೆ ಎಂದು ನಾನು ನಿನಗೆ ಬರೆದಿದ್ದೆ.

ಅವಳನ್ನು ಕರೆದುಕೊಂಡು ಹೋಗುವುದಾದರೆ ಹೋಗು, ಬಟ್ಟೆ ಕಟ್ಟಿಡುತ್ತೇನೆ. ನೀನು ಹೆತ್ತವಳು. ಆದರೆ ಅಲ್ಲಿಗೆ ಹೋದ ಮೇಲೆ ಅವಳು ನನಗಾಗಿ ಏನನ್ನು ಹಿಂದಕ್ಕೆ ತಿರುಗಿಸುತ್ತಾಳೋ ಎಂಬ ಭಯ ನನಗಿದೆ. ಈ ಮನೆಯಲ್ಲಿ ನನಗೆ ಕೇಳಿಸುವ ಮಾತು ಆ ಪಾಟಿಯ ಮೇಲಿನದು ಮಾತ್ರ. ಅದನ್ನೂ ಹೇಳಿಬಿಡುತ್ತೇನೆ.

ಭಾಗೀರಥಿಬಾಯಿ


ದೇವದುರ್ಗ
26 ಅಕ್ಟೋಬರ್ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಇವತ್ತು ಬರುತ್ತೇನೆಂದು ಬರೆದಿದ್ದ ಭಾನುವಾರ. ಬೆಳಿಗ್ಗೆ ಸೀರೆ ಉಟ್ಟು ತಯಾರಾದೆ. ಅಂಬರೀಶರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. ನಾನು ನಿಮ್ಮ ಪತ್ರ ಹಿಡಿದು ಕೂತಲ್ಲೇ ಕೂತೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಚಹಾ ಮಾಡಿ ಕೊಟ್ಟರು.

ನಿಮ್ಮ ಮಗನ ಹಲ್ಲಿನ ಬಗ್ಗೆ ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ. ಈಗ ನನ್ನದನ್ನೂ ಕೇಳಿ.

ತಿಂಗಳಿಗೊಮ್ಮೆ ತೋರಿಸಬೇಕು ಎಂದು ಡಾಕ್ಟರು ಹೇಳಲೇ ಇಲ್ಲ. ಮೊದಲ ಪ್ಲೇಟು ಕೊಟ್ಟ ದಿನ ಅವರು ಹೇಳಿದ್ದು, "ಆರು ವಾರಕ್ಕೊಮ್ಮೆ ಬಂದ್ರ ಸಾಕ್ರಿ, ಅಷ್ಟು ದೂರದಿಂದ ಬರೋರು ಎರಡು ತಿಂಗಳಿಗೆ ಬಂದ್ರೂ ನಡೀತದ." ನಾನೇ ಪ್ರತಿ ಎರಡನೇ ಶನಿವಾರ ಬರೆದುಕೊಳ್ಳಿ ಎಂದೆ. ನೀವು ಪಕ್ಕದ ಕುರ್ಚಿಯಲ್ಲಿದ್ದಿರಿ. ನಿಮಗೆ ಕೇಳಿಸುವುದಿಲ್ಲ ಎಂಬುದು ಗೊತ್ತಿದ್ದೇ ಹಾಗೆ ಮಾಡಿದೆ. ನಿಮ್ಮ ಮಂಡಿ ನೋವಿನಲ್ಲಿ ನಿಮ್ಮನ್ನು ಸುಮ್ಮನೆ ರಾಯಚೂರಿಗೆ ಓಡಾಡಿಸಿದೆ. ಕುದಿನೀರು ಹಾಕಿದಿರಿ ಎಂದು ಚುಚ್ಚಿ ಬರೆದೆನಲ್ಲ, ಆವತ್ತು ಒಳಗೊಳಗೇ ಆ ಕುದಿನೀರಿಗೆ ಕೈ ಮುಗಿದಿದ್ದೆ.

ಮಗಳು ಕೀಲಿಕೈಯನ್ನು ಹಿಂದಕ್ಕೆ ತಿರುಗಿಸಿದಳು, ನಾನು ತಾರೀಕನ್ನು ಹಿಂದಕ್ಕೆ ಎಳೆದೆ. ಅವಳು ಎಂಟು ವರ್ಷದವಳು. ನನಗೆ ಮೂವತ್ತನಾಲ್ಕು.

ಇನ್ನೂ ಒಂದಿದೆ. ನೀವಿಬ್ಬರೂ ಹತ್ತಿದ ಮಾನ್ವಿ ಬಸ್ಸು ಹೊರಟ ಮೇಲೆ ನಾನು ಕೂಡಲೇ ಊರಿಗೆ ಹೋಗುವುದಿಲ್ಲ. ಎರಡು ಬಸ್ಸು ಬಿಟ್ಟು, ತಿರುಗಿ ದವಾಖಾನೆಗೆ ಹೋಗಿ ಅದೇ ಬೆಂಚಿನ ಮೇಲೆ ಕೂತಿರುತ್ತೇನೆ. ಕಂಪೌಂಡರ್ ಸೈಮಾ ಏನಾದರೂ ಮರೆತಿರಾ ಎಂದು ಕೇಳಿದಳು ಒಮ್ಮೆ. ಹೌದು, ಕೊಡೆ ಎಂದೆ. ಈಗ ಕೇಳುವುದಿಲ್ಲ. ಇಲ್ಲಿ ಅಂಬರೀಶರು ಒಳ್ಳೆಯವರು, ತಾವು ಕೆಲಸ ಮಾಡುವ ಅರಕೇರಾ ಶಾಲೆಯಿಂದ ಬಂದವರೇ ನನ್ನ ಮುಖ ನೋಡಿ ದಿನ ಹೇಗಿತ್ತೆಂದು ತಿಳಿದುಕೊಳ್ಳುತ್ತಾರೆ. ಆದರೂ ಮನೆಯಲ್ಲಿ ಎರಡೇ ತಟ್ಟೆ ತೊಳೆಯುವಾಗ ಪ್ರತಿದಿನ ಒಂದು ಕಡಿಮೆಯಾಗಿದೆ ಎಂದೇ ಅನ್ನಿಸುತ್ತದೆ.

ಕರೆತರುವ ಮಾತನ್ನು ಸಿಟ್ಟಿನಲ್ಲಿ ಆಡಿದ್ದೆ. ಹಾಗೆ ಕರೆತರುವುದಿಲ್ಲ. ಮತ್ತೇನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ ಅತ್ತೆ. ಅವಳಿಗೆ ಏನು ಉತ್ತರ ಕೊಟ್ಟಿರಿ?

ಶ್ರೀವಲ್ಲಿ


ಮಾನ್ವಿ
1 ನವೆಂಬರ್ 2025

ಚಿ. ಸೌ. ಶ್ರೀವಲ್ಲಿಗೆ ಅನೇಕ ಆಶೀರ್ವಾದಗಳು.

ಮೇಲಿನ ಸಾಲು ಕೈತಪ್ಪಿ ಬರೆದದ್ದಲ್ಲ. ಚಿ. ಅಂಬರೀಶನಿಗೂ ಆಶೀರ್ವಾದ ತಿಳಿಸು.

ಆರು ವಾರದ ಸುದ್ದಿ ಓದಿ ಮೊದಲು ಸಿಟ್ಟು ಬಂತು, ಮಂಡಿ ತಿಕ್ಕಿಕೊಂಡೆ. ಆಮೇಲೆ ನಗು ಬಂತು. ಒಂದು ಹಲ್ಲಿನ ಸುತ್ತ ಮೂರು ಹೆಂಗಸರು ಕೂತು ಮೂರು ಸುಳ್ಳು ಹೇಳಿದ್ದೇವೆ. ಡಾಕ್ಟರು ಪಾಪ, ಪ್ಲೇಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ.

ನೀನು ಮನೆಗೆ ಬರುವ ಬಗ್ಗೆ ವಿಬುಧೇಂದ್ರನ ಜೊತೆ ಮಾತಾಡಿದೆ. ಮಠದಲ್ಲಿ ಪೂಜೆ ಮಾಡುವವನು ನಾನು, ಜನ ಏನೆಂದಾರು ಎಂದು ಅವನು ಪಾಟಿಯ ಮೇಲೆ ಬರೆದ. ನಾನು ಬಾಯಲ್ಲೇ ಹೇಳಿದೆ, "ಆಕಿ ನಿನ್ನ ದೇವರ ಮನಿಗೆ ಬರಾಕತ್ತಿಲ್ಲಪಾ, ತನ್ನ ಮಗಳ ಹತ್ರ ಬರಾಕತ್ತಾಳ. ಜನ ಕೇಳಿದ್ರ ನನ್ನ ಹತ್ರ ಕಳಸು, ನನಗ ಹ್ಯಾಂಗೂ ಕಿವಿ ಕೇಳಂಗಿಲ್ಲ." ಅವನು ಒಪ್ಪಿದ ಎನ್ನಲಾರೆ. ಪಾಟಿ ಕೆಳಗಿಟ್ಟು ಹೋದ, ಅಷ್ಟು ಸಾಕು.

ಗುರುವಾರ ಕಚೇರಿ ಮುಗಿಸಿ ಬಸ್ಸು ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಬರುತ್ತೀ. ಮರಳಿ ಹೋಗಲು ಆಮೇಲೆ ಬಸ್ಸಿಲ್ಲ, ಅದು ನನಗೂ ಗೊತ್ತು, ಪಡಸಾಲೆಯಲ್ಲಿ ನಿನಗೆ ಹಾಸಿಗೆ ಹಾಕಿಸುತ್ತೇನೆ. ಅಡುಗೆಮನೆಗೆ ನಿನ್ನನ್ನು ಕರೆಯುವಷ್ಟು ನಾನು ಇನ್ನೂ ದೊಡ್ಡವಳಾಗಿಲ್ಲ. ಆದರೆ ಗುರುವಾರ ಸಂಜೆ ನಾನೇ ಮಡಿ ಬಿಟ್ಟು ಹೊರಗೆ ಬಂದು ನಿಮ್ಮ ಜೊತೆ ಉಣ್ಣುತ್ತೇನೆ. ಮುಂದಿನ ಜೂನಿಗೆ ಮಗು ಎಲ್ಲಿ ಓದಬೇಕೆಂಬುದನ್ನು ಆಗ ಕೂತು ಮಾತಾಡೋಣ. ಆ ಮಾತಿಗೆ ನನಗೆ ಈಗಲೇ ಧೈರ್ಯವಿಲ್ಲ.

ಅವಳಿಗೆ ಏನು ಉತ್ತರ ಕೊಟ್ಟಿರಿ ಎಂದು ಕೇಳಿದ್ದೀ. ನಿನ್ನೆ ಪಾಟಿಯ ಮೇಲೆ ಬರೆದೆ, ಹಲ್ಲು ನೆಟ್ಟಗಾದ ಮೇಲೂ ಅಮ್ಮ ಬರುತ್ತಾಳೆ ಎಂದು. ಓದಿದಳು. ನನ್ನ ಮುಖ ನೋಡಿದಳು. ನಂಬಲಿಲ್ಲ. ನಾಲ್ಕು ತಿಂಗಳು ದೊಡ್ಡವರು ಬರೆದದ್ದನ್ನೆಲ್ಲ ನೋಡಿದವಳು ಹೇಗೆ ನಂಬುತ್ತಾಳೆ?

ಅದಕ್ಕೆ ಕೀಲಿಕೈಯನ್ನು ಅವಳ ಕೈಯಿಂದಲೇ ಈ ಲಕೋಟೆಯಲ್ಲಿ ಹಾಕಿಸಿ, ಅವಳ ಎದುರಿಗೇ ಅಂಟಿಸುತ್ತಿದ್ದೇನೆ. ಇನ್ನು ಮಾನ್ವಿಯಲ್ಲಿ ಯಾರೂ ಅದನ್ನು ಮುಂದಕ್ಕೂ ತಿರುಗಿಸುವಂತಿಲ್ಲ, ಹಿಂದಕ್ಕೂ ತಿರುಗಿಸುವಂತಿಲ್ಲ. ಬರುವ ಗುರುವಾರ ತೆಗೆದುಕೊಂಡು ಬಾ. ಮೂರು ಗಂಟೆಗೆ ಶಾಲೆ ಬಿಟ್ಟ ಕೂಡಲೇ ಕಟ್ಟೆಯ ಮೇಲೆ ಬಂದು ಕೂರುತ್ತೇನೆ ಎಂದಿದ್ದಾಳೆ. ಬಸ್ಸು ಬರುವುದು ಏಳರ ಮೇಲೆ ಎಂದು ಬರೆದು ತೋರಿಸಿದೆ, ಇರಲಿ ಎಂದು ಕೆಳಗೆ ಬರೆದಳು.

ಭಾಗೀರಥಿಬಾಯಿ